ಐರ್ಲೆಂಡ್ ಚುನಾವಣೆ: ಟಿವಿ ಚರ್ಚೆಯ ವೇದಿಕೆ, ಸೂಪರ್‌ಮಾರ್ಕೆಟ್ಟಿನ ಕ್ಯಾಮೆರಾ

2025ರ ಅಕ್ಟೋಬರ್ 5, ಭಾನುವಾರ. ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇಯ ಸ್ಟುಡಿಯೊದಲ್ಲಿ ರಾಷ್ಟ್ರಪತಿ ಹುದ್ದೆಯ ಮೂವರು ಅಭ್ಯರ್ಥಿಗಳು ಚರ್ಚೆಗೆ ಕುಳಿತಿದ್ದರು. ಅವರಲ್ಲೊಬ್ಬರಾದ ಫಿಯಾನ ಫಾಲ್ ಪಕ್ಷದ ಜಿಮ್ ಗ್ಯಾವಿನ್ ಅದೇ ರಾತ್ರಿ ಕಣದಿಂದ ಹಿಂದೆ ಸರಿದರು. ನಾಮಪತ್ರ ಹಿಂತೆಗೆಯುವ ಗಡುವು ಮುಗಿದಿದ್ದರಿಂದ ಅವರ ಹೆಸರು ಮತಪತ್ರದಲ್ಲಿ ಹಾಗೇ ಉಳಿಯಿತು. ಅಕ್ಟೋಬರ್ 24ರಂದು ಮತದಾನ ನಡೆದಾಗ, ಕಣದಲ್ಲೇ ಇಲ್ಲದ ಈ ಅಭ್ಯರ್ಥಿಗೆ ಲಕ್ಷಕ್ಕೂ ಹೆಚ್ಚು ಜನ ಮೊದಲ ಪ್ರಾಶಸ್ತ್ಯದ ಮತ ಹಾಕಿದ್ದರು. ಸಿಂಧುವಾದ ಮತಗಳಲ್ಲಿ ಅದು ಶೇ 7.2. ಬಿದ್ದ ಮತಪತ್ರಗಳಲ್ಲಿ ಸುಮಾರು ಶೇ 13 ಅಸಿಂಧು. ಸ್ವತಂತ್ರ ಅಭ್ಯರ್ಥಿ ಕ್ಯಾಥರೀನ್ ಕಾನಲಿ ಶೇ 63.4 ಮತ ಪಡೆದು ರಾಷ್ಟ್ರಪತಿಯಾದರು.

ದೂರದಿಂದ ಸುದ್ದಿ ಓದುವವರಿಗೆ ಇದರಲ್ಲಿ ತಲೆಬುಡ ತಿಳಿಯುವುದು ಕಷ್ಟ. ಟಿವಿ ಚರ್ಚೆಯೇ ಗ್ಯಾವಿನ್ ಅವರನ್ನು ಕೆಡವಿತೇ? ಹಾಗಾದರೆ ಅದಕ್ಕೂ ಹನ್ನೊಂದು ತಿಂಗಳು ಮುಂಚಿನ ಸಂಸತ್ ಚುನಾವಣೆಯಲ್ಲಿ, ಪಕ್ಷದ ನಾಯಕರು ಗಂಟೆಗಟ್ಟಲೆ ವಾದಿಸಿದರೂ ಏನೂ ಆಗದೆ, ಒಂದು ಅಂಗಡಿಯಲ್ಲಿ ಚಿತ್ರೀಕರಿಸಿದ ಪುಟ್ಟ ವಿಡಿಯೊ ದೇಶವನ್ನೇ ಅಲ್ಲಾಡಿಸಿದ್ದೇಕೆ? ಚರ್ಚೆಯಲ್ಲಿ ಎದುರಾಳಿಗಳಾಗಿ ನಿಂತ ಇಬ್ಬರು ಎರಡು ತಿಂಗಳೊಳಗೆ ಒಂದೇ ಸರ್ಕಾರ ಸೇರಿದ್ದು ಹೇಗೆ?

ಈ ಪ್ರಶ್ನೆಗಳ ಹಿಂದೆ ಇರುವುದು ಒಂದೇ ತಿಳಿವಳಿಕೆ: ಟಿವಿ ಚರ್ಚೆ ಗೆದ್ದವರು ಚುನಾವಣೆ ಗೆಲ್ಲುತ್ತಾರೆ ಎಂಬುದು. ಅಮೆರಿಕದ ಚುನಾವಣೆಗಳನ್ನು ನೋಡಿ ಬೆಳೆದ ತಿಳಿವಳಿಕೆ ಇದು. ಐರ್ಲೆಂಡಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

ಹಣ ಕೊಟ್ಟರೂ ಟಿವಿ ಸಿಗದು

ಐರ್ಲೆಂಡಿನಲ್ಲಿ ರೇಡಿಯೊ, ಟಿವಿಗಳಲ್ಲಿ ಹಣ ಕೊಟ್ಟು ರಾಜಕೀಯ ಜಾಹೀರಾತು ಹಾಕುವಂತಿಲ್ಲ. ಪ್ರಸಾರ ಕಾಯ್ದೆಯೇ ಅದನ್ನು ನಿಷೇಧಿಸಿದೆ. ಪಕ್ಷಗಳಿಗೆ ಉಚಿತವಾಗಿ ಒಂದಿಷ್ಟು ಹೊತ್ತು ಸಿಗುತ್ತದೆ, ಅಷ್ಟೆ. ಹೀಗಾಗಿ ಮತದಾರರ ಮನೆಯೊಳಗೆ ನಾಯಕನ ಮುಖ ತಲುಪಬೇಕಾದರೆ ಉಳಿಯುವ ದಾರಿ ಎರಡು. ಒಂದು, ಚಾನೆಲ್‌ಗಳು ನಡೆಸುವ ಚರ್ಚೆ. ಇನ್ನೊಂದು, ಸಂಜೆಯ ವಾರ್ತೆಯಲ್ಲಿ ಕಾಣಿಸುವ ಪ್ರಚಾರದ ತುಣುಕು.

ಎರಡನೆಯ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ನಾಯಕ ಒಂದು ಸಣ್ಣ ಪಟ್ಟಣಕ್ಕೆ ಬರುತ್ತಾನೆ, ಮುಖ್ಯ ಬೀದಿಯಲ್ಲಿ ನಡೆಯುತ್ತಾನೆ, ಅಂಗಡಿ ಹೊಕ್ಕು ಕೈಕುಲುಕುತ್ತಾನೆ, ಮಗುವಿನ ಕೆನ್ನೆ ಸವರುತ್ತಾನೆ. ಜೊತೆಗೆ ಕ್ಯಾಮೆರಾಗಳ ಹಿಂಡು. ಇಡೀ ನಡಿಗೆ ಮೊದಲೇ ಹೆಣೆದದ್ದು. ಆದರೆ ಎದುರಿಗೆ ಸಿಗುವ ಮನುಷ್ಯರನ್ನು ಯಾರೂ ಹೆಣೆದು ಇಟ್ಟಿರುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಜಾಹೀರಾತು ಕೊಳ್ಳಲು ಬಿಟ್ಟಿದ್ದರೆ ನಾಯಕರು ಸ್ಟುಡಿಯೊದೊಳಗೆ ಸುರಕ್ಷಿತವಾಗಿ ಇರಬಹುದಿತ್ತು. ಕಾನೂನು ಅವರನ್ನು ಬೀದಿಗೆ ತಳ್ಳಿದೆ. ನನಗೇನೋ ಇದು ಒಳ್ಳೆಯ ಕಾನೂನು ಎಂದೇ ಅನಿಸುತ್ತದೆ.

ಎದುರಾಳಿಯ ಎರಡನೆಯ ಮತ

ಚರ್ಚೆ ಯಾಕೆ ನಿರ್ಣಾಯಕವಾಗುವುದಿಲ್ಲ ಎಂಬುದು ತಿಳಿಯಲು ಮತಪತ್ರವನ್ನು ನೋಡಬೇಕು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಇಲ್ಲವೇ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪದ್ಧತಿ ಪರಿಚಿತ: ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವುದು. ಐರ್ಲೆಂಡಿನ ಕೆಳಮನೆ ‘ಡಾಲ್’ಗೆ ನಡೆಯುವ ಚುನಾವಣೆಯೂ ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಒಂದು ಕ್ಷೇತ್ರದಿಂದ ಮೂವರಿಂದ ಐವರವರೆಗೆ ಆಯ್ಕೆಯಾಗುತ್ತಾರೆ. 2024ರಲ್ಲಿ 43 ಕ್ಷೇತ್ರಗಳಿಂದ 174 ಸದಸ್ಯರು. ಸೋತ ಅಭ್ಯರ್ಥಿಯ ಮತಗಳು, ಗೆದ್ದವರ ಹೆಚ್ಚುವರಿ ಮತಗಳು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾವಣೆಯಾಗುತ್ತ ಎಣಿಕೆ ದಿನಗಟ್ಟಲೆ ಸಾಗುತ್ತದೆ.

ಇದರಿಂದ ಎರಡು ಪರಿಣಾಮಗಳು. ಮೊದಲನೆಯದು, ಎದುರಾಳಿಯನ್ನು ಟಿವಿಯಲ್ಲಿ ಹಿಗ್ಗಾಮುಗ್ಗಾ ಜರೆದರೆ ಅವನ ಬೆಂಬಲಿಗರು ನಿಮಗೆ ಎರಡನೆಯ ಪ್ರಾಶಸ್ತ್ಯ ಕೊಡುವುದಿಲ್ಲ. ಕೊನೆಯ ಸೀಟು ಕೆಲವೇ ಮತಗಳಲ್ಲಿ ನಿರ್ಧಾರವಾಗುವ ಕ್ಷೇತ್ರದಲ್ಲಿ ಆ ಎರಡನೆಯ ಮತವೇ ಜೀವ. ಜೊತೆಗೆ ಒಂದೇ ಪಕ್ಷಕ್ಕೆ ಬಹುಮತ ಬರುವ ಕಾಲ ಅಲ್ಲಿ ಎಂದೋ ಮುಗಿದಿದೆ. ಇಂದು ಬೈದವರ ಜೊತೆ ನಾಳೆ ಮೈತ್ರಿ ಮಾತುಕತೆಗೆ ಕೂರಬೇಕು. ಹಾಗಾಗಿ ಐರಿಶ್ ನಾಯಕರು ಚರ್ಚೆಯಲ್ಲಿ ಕೈ ತಡೆದೇ ಹೊಡೆಯುತ್ತಾರೆ.

ಎರಡನೆಯದು, ನಾಯಕನ ಹೆಸರು ಅವನ ಸ್ವಂತ ಕ್ಷೇತ್ರ ಬಿಟ್ಟು ಬೇರೆಲ್ಲೂ ಮತಪತ್ರದಲ್ಲಿ ಇರುವುದಿಲ್ಲ. ಫಿನ ಗೇಲ್ ಪಕ್ಷದ ನಾಯಕ ಸೈಮನ್ ಹ್ಯಾರಿಸ್‌ಗೆ ಮತ ಹಾಕಬಹುದಾದದ್ದು ವಿಕ್ಲೋ ಜನ ಮಾತ್ರ. ಫಿಯಾನ ಫಾಲ್‌ನ ಮೀಹಾಲ್ ಮಾರ್ಟಿನ್‌ಗೆ ಕಾರ್ಕ್ ದಕ್ಷಿಣ–ಮಧ್ಯದವರು. ಶಿನ್ ಫೇನ್ ಪಕ್ಷದ ಮೇರಿ ಲೂ ಮೆಕ್‌ಡೊನಾಲ್ಡ್‌ಗೆ ಡಬ್ಲಿನ್ ಮಧ್ಯದವರು. ಉಳಿದವರಿಗೆ ಮುಖ್ಯವಾಗುವುದು ಬಾಗಿಲು ಬಡಿದು ಮತ ಕೇಳುವ ಸ್ಥಳೀಯ ಅಭ್ಯರ್ಥಿ. ಆಸ್ಪತ್ರೆಯ ಸರದಿ, ರಸ್ತೆ ಗುಂಡಿ, ಪಿಂಚಣಿ ಕಡತ ಇತ್ಯಾದಿಗಳನ್ನು ಹೊತ್ತು ತಿರುಗುವ ಸ್ಥಳೀಯ ಸದಸ್ಯನ ಬಲ ಅಲ್ಲಿ ಇನ್ನೂ ಕುಂದಿಲ್ಲ.

ನಾಲ್ಕು ದಶಕಗಳ ಲೆಕ್ಕ

ಐರ್ಲೆಂಡಿನ ಮೊದಲ ಟಿವಿ ನಾಯಕರ ಚರ್ಚೆ ನಡೆದದ್ದು 1982ರ ಫೆಬ್ರವರಿ ಚುನಾವಣೆಗೆ. ಫಿಯಾನ ಫಾಲ್‌ನ ಚಾರ್ಲ್ಸ್ ಹಾಹಿ ಒಂದು ಬದಿ, ಫಿನ ಗೇಲ್‌ನ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಇನ್ನೊಂದು ಬದಿ. ಆಗ ಇದ್ದದ್ದು ಎರಡೂವರೆ ಪಕ್ಷಗಳ, ಅಂದರೆ ಎರಡು ದೊಡ್ಡ ಮತ್ತು ಒಂದು ಸಣ್ಣ ಪಕ್ಷದ, ರಾಜಕೀಯ. ಇಬ್ಬರನ್ನು ಕೂರಿಸಿದರೆ ಸಾಕಾಗುತ್ತಿತ್ತು. 2007ರವರೆಗೂ ಹೆಚ್ಚುಕಡಿಮೆ ಇದೇ ಅಚ್ಚು.

2007ರಲ್ಲಿ ಫಿಯಾನ ಫಾಲ್‌ನ ಬರ್ಟಿ ಅಹರ್ನ್ ಮತ್ತು ಫಿನ ಗೇಲ್‌ನ ಎಂಡಾ ಕೆನ್ನಿ ಎದುರಾದಾಗ ಅಹರ್ನ್ ಮೇಲುಗೈ ಸಾಧಿಸಿದರು ಎಂದು ಹೆಚ್ಚಿನವರು ಬರೆದರು. ಅಹರ್ನ್ ಅಧಿಕಾರಕ್ಕೂ ಮರಳಿದರು. ಚರ್ಚೆ ಗೆಲ್ಲಿಸುತ್ತದೆ ಎನ್ನುವವರಿಗೆ ಅದು ಮೆಚ್ಚಿನ ಉದಾಹರಣೆ. ಆದರೆ ನಾಲ್ಕು ವರ್ಷಗಳ ಮೇಲೆ ಆದದ್ದು ನೋಡಿ. 2011ರಲ್ಲಿ ಟಿವಿ3 ಚಾನೆಲ್ ಚರ್ಚೆಯನ್ನು ನಡೆಸಿಕೊಡಲಿದ್ದ ಪತ್ರಕರ್ತ ವಿನ್ಸೆಂಟ್ ಬ್ರೌನ್ ತಮ್ಮ ಬಗ್ಗೆ ಹಿಂದೆ ಕೀಳಾಗಿ ಮಾತಾಡಿದ್ದರೆಂದು ಕೆನ್ನಿ ಆ ಚರ್ಚೆಗೆ ಹೋಗಲೇ ಇಲ್ಲ. ಪ್ರಧಾನಿಯಾಗಲು ಹೊರಟವನು ಒಬ್ಬ ಪತ್ರಕರ್ತನಿಗೆ ಹೆದರಿದನೇ ಎಂದು ಲೇವಡಿಯಾಯಿತು. ಫಲಿತಾಂಶ? ಫಿನ ಗೇಲ್‌ಗೆ 76 ಸ್ಥಾನ. ಹಿಂದಿನ ಚುನಾವಣೆಯಲ್ಲಿ 77 ಗೆದ್ದಿದ್ದ ಫಿಯಾನ ಫಾಲ್ 20ಕ್ಕೆ ಕುಸಿಯಿತು, ಅದೂ ಅದರ ಹೊಸ ನಾಯಕ ಮಾರ್ಟಿನ್ ಒಂದೂ ಚರ್ಚೆ ತಪ್ಪಿಸದೆ ಚೆನ್ನಾಗಿಯೇ ವಾದಿಸಿದ ಮೇಲೆ. ಬ್ಯಾಂಕುಗಳು ನೆಲಕಚ್ಚಿ, 2010ರ ನವೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ದೇಶ ಕೈಚಾಚಿ ನಿಂತಾಗಲೇ ಜನ ತೀರ್ಮಾನ ಮಾಡಿಯಾಗಿತ್ತು. ಮೂರು ತಿಂಗಳ ನಂತರದ ಟಿವಿ ಮಾತು ಅದನ್ನು ತಿದ್ದಲಾರದು.

ಉಲ್ಟಾ ಉದಾಹರಣೆಯೂ ಇದೆ. 2016ರಲ್ಲಿ ಲಿಮ್ರಿಕ್ ವಿಶ್ವವಿದ್ಯಾಲಯದಲ್ಲಿ ಏಳು ಪಕ್ಷಗಳ ಚರ್ಚೆ ನಡೆದಾಗ ಸೋಷಿಯಲ್ ಡೆಮಾಕ್ರಾಟ್ಸ್‌ನ ಸ್ಟೀಫನ್ ಡಾನಲಿ ಭಾರಿ ಮೆಚ್ಚುಗೆ ಗಳಿಸಿದರು. ಚುನಾವಣೆಗೆ ಮೊದಲು ಅವರ ಪಕ್ಷಕ್ಕೆ ಮೂರು ಸ್ಥಾನ ಇತ್ತು, ನಂತರವೂ ಮೂರೇ. ಡಾನಲಿ ಆಮೇಲೆ ಪಕ್ಷವನ್ನೇ ಬಿಟ್ಟು ಫಿಯಾನ ಫಾಲ್ ಸೇರಿದರು.

ಕುರ್ಚಿ ಯಾರಿಗೆ?

ಚರ್ಚೆಯಲ್ಲಿ ಏನು ಹೇಳಿದರು ಎನ್ನುವುದಕ್ಕಿಂತ ಚರ್ಚೆಗೆ ಯಾರನ್ನು ಕರೆದರು ಎಂಬುದೇ ಹೆಚ್ಚು ಪರಿಣಾಮ ಬೀರಿದ ಪ್ರಸಂಗ 2020ರದ್ದು. ಫೆಬ್ರವರಿ 8ರ ಮತದಾನಕ್ಕೆ ನಾಲ್ಕು ದಿನ ಮೊದಲು ಆರ್‌ಟಿಇ ಇಬ್ಬರ ಅಂತಿಮ ಚರ್ಚೆ ಇಟ್ಟುಕೊಂಡಿತ್ತು: ಆಗಿನ ಪ್ರಧಾನಿ, ಫಿನ ಗೇಲ್ ನಾಯಕ, ಮುಂಬೈ ಮೂಲದ ವೈದ್ಯರ ಮಗ ಲಿಯೊ ವರಾಡ್ಕರ್ ಮತ್ತು ಮೀಹಾಲ್ ಮಾರ್ಟಿನ್. ‘ಟೀಶಕ್’, ಅಂದರೆ ಪ್ರಧಾನಿ, ಆಗಬಲ್ಲವರು ಇವರಿಬ್ಬರೇ ಎಂಬುದು ಅದರ ಲೆಕ್ಕ. ಹೊರಗಿಟ್ಟಿದ್ದಕ್ಕೆ ಶಿನ್ ಫೇನ್ ಪಕ್ಷ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಅಷ್ಟರಲ್ಲಿ ಫೆಬ್ರವರಿ 3ರ ಐರಿಶ್ ಟೈಮ್ಸ್ ಸಮೀಕ್ಷೆ ಬಂತು. ಶಿನ್ ಫೇನ್‌ಗೆ ಶೇ 25, ಫಿಯಾನ ಫಾಲ್‌ಗೆ 23, ಫಿನ ಗೇಲ್‌ಗೆ 20. ಮೊದಲ ಸ್ಥಾನದಲ್ಲಿರುವ ಪಕ್ಷವನ್ನೇ ಬಿಟ್ಟು ಚರ್ಚೆ ನಡೆಸುವುದು ಹೇಗೆ? ಆರ್‌ಟಿಇ ನಿಲುವು ಬದಲಿಸಿ ಮೆಕ್‌ಡೊನಾಲ್ಡ್‌ಗೂ ಮೈಕು ಕೊಟ್ಟಿತು.

ಆ ರಾತ್ರಿ ಅವರಿಗೆ ಸುಲಭವಾಗಿರಲಿಲ್ಲ. 2007ರಲ್ಲಿ ಕೊಲೆಯಾದ ಯುವಕನೊಬ್ಬನ ಬಗ್ಗೆ ಉತ್ತರ ಐರ್ಲೆಂಡಿನ ತಮ್ಮ ಪಕ್ಷದ ಸಚಿವರು ಆಡಿದ್ದ ಹಳೆಯ ಮಾತಿನ ಕುರಿತು ಅವರು ಸರಿಯಾದ ಉತ್ತರ ಕೊಡಲಾಗದೆ ತಡವರಿಸಿದರು. ಚರ್ಚೆಯ ಅಂಕ ಲೆಕ್ಕ ಹಾಕುವವರ ಪ್ರಕಾರ ಅವರು ಸೋತರು. ಆದರೂ ಶಿನ್ ಫೇನ್ ಶೇ 24.5 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ‘ನಮ್ಮನ್ನು ಒಳಗೆ ಬಿಡುತ್ತಿಲ್ಲ’ ಎಂಬ ಮಾತು ವ್ಯವಸ್ಥೆಯ ವಿರುದ್ಧ ನಿಂತ ಪಕ್ಷಕ್ಕೆ ಯಾವ ಭಾಷಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದಿತ್ತು. ಚಾನೆಲ್ ತಾನೇ ಆ ಪಕ್ಷಕ್ಕೆ ಪ್ರಚಾರ ಸಾಮಗ್ರಿ ಒದಗಿಸಿದಂತಾಯಿತು.

ಆ ಪೆಟ್ಟು ನೆನಪಿದ್ದುದರಿಂದಲೋ ಏನೋ, 2024ರ ನವೆಂಬರ್ 18ರಂದು ಆರ್‌ಟಿಇ ಒಂದೇ ವೇದಿಕೆಗೆ ಹತ್ತು ಮಂದಿಯನ್ನು ಹತ್ತಿಸಿತು. ಒಬ್ಬರೇ ಸದಸ್ಯರಿದ್ದ ಪಕ್ಷಗಳಿಗೂ ಜಾಗ. ನ್ಯಾಯದ ದೃಷ್ಟಿಯಿಂದ ಸರಿ. ಆದರೆ ಎರಡು ಗಂಟೆಯ ಕಾರ್ಯಕ್ರಮ ಎಂದುಕೊಂಡರೂ ತಲೆಗೆ ಬೀಳುವುದು ಹನ್ನೆರಡು ನಿಮಿಷ. ನಿರೂಪಕಿಯ ಪ್ರಶ್ನೆ, ನಡುವಿನ ಗಲಾಟೆ ಕಳೆದರೆ ಅದೂ ಇಲ್ಲ. ವಸತಿ ಬಿಕ್ಕಟ್ಟಿನಂಥ ವಿಷಯ ಅಷ್ಟರಲ್ಲಿ ಹಿಡಿಯುವುದಿಲ್ಲ. ಎಲ್ಲರಿಗೂ ಜಾಗ ಕೊಟ್ಟರೆ ಆಳ ಹೋಗುತ್ತದೆ, ಆಳ ಬೇಕೆಂದರೆ ಯಾರನ್ನೋ ಹೊರಗಿಡಬೇಕು. ಇದಕ್ಕೆ ಪರಿಹಾರ ಇನ್ನೂ ಯಾರ ಬಳಿಯೂ ಇಲ್ಲ.

ಹೊಸ ಉಡುಪು, ಹಳೆಯ ಫೋನ್ ಕರೆ

ನಾಯಕರ ವರ್ಚಸ್ಸು ಕಟ್ಟುವ ಕಸುಬು ಐರ್ಲೆಂಡಿನಲ್ಲಿ ಟಿಕ್‌ಟಾಕ್ ಜೊತೆ ಹುಟ್ಟಿದ್ದಲ್ಲ. 1990ರ ರಾಷ್ಟ್ರಪತಿ ಚುನಾವಣೆಯಲ್ಲಿ ವಕೀಲೆ ಮೇರಿ ರಾಬಿನ್ಸನ್ ಕಣಕ್ಕಿಳಿದಾಗ ಅವರ ತಂಡ ಉಡುಪು, ಕೇಶಶೈಲಿ, ಮಾತಿನ ಧಾಟಿ ಎಲ್ಲವನ್ನೂ ತಿದ್ದಿತು. ಎದುರಾಳಿ ಫಿಯಾನ ಫಾಲ್‌ನ ಬ್ರಯಾನ್ ಲೆನಿಹನ್, ಎಲ್ಲರಿಗೂ ಬೇಕಾದ ಮನುಷ್ಯ. ಅದುವರೆಗೆ ಸ್ಪರ್ಧೆ ನಡೆದ ಯಾವ ರಾಷ್ಟ್ರಪತಿ ಚುನಾವಣೆಯಲ್ಲೂ ಅವರ ಪಕ್ಷ ಸೋತಿರಲಿಲ್ಲ.

ಎಡವಟ್ಟಾದದ್ದು ಟಿವಿಯಲ್ಲಿ. 1982ರ ಜನವರಿಯಲ್ಲಿ ಸರ್ಕಾರ ಬಿದ್ದ ರಾತ್ರಿ, ಸಂಸತ್ತು ವಿಸರ್ಜಿಸದಂತೆ ಒತ್ತಡ ಹಾಕಲು ರಾಷ್ಟ್ರಪತಿ ಭವನಕ್ಕೆ ಫೋನ್ ಮಾಡಿದ್ದಿರಾ ಎಂದು ಕೇಳಿದಾಗ ಲೆನಿಹನ್ ಇಲ್ಲ ಎಂದರು. ಕೆಲವೇ ದಿನಗಳಲ್ಲಿ, ಮಾಡಿದ್ದೆ ಎಂದು ಅವರೇ ಸಂಶೋಧಕನೊಬ್ಬನಿಗೆ ಹೇಳಿದ್ದ ಧ್ವನಿಮುದ್ರಿಕೆ ಹೊರಬಿತ್ತು. ಸಂಜೆಯ ವಾರ್ತೆಗೆ ಬಂದು ನೇರ ಕ್ಯಾಮೆರಾ ನೋಡಿ, ಚೆನ್ನಾಗಿ ಯೋಚಿಸಿ ನೋಡಿದ ಮೇಲೆ ಅಂಥ ಕರೆ ಮಾಡಿಲ್ಲವೆಂದೇ ನೆನಪು ಎಂಬರ್ಥದ ಸಮಜಾಯಿಷಿ ಕೊಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಪಪ್ರಧಾನಿ ಹುದ್ದೆಯಿಂದ ಅವರನ್ನು ವಜಾ ಮಾಡಲಾಯಿತು.

ಅಷ್ಟಾದರೂ ಅವರು ಪೂರ್ತಿ ಸೋತಿರಲಿಲ್ಲ ಎನ್ನುವುದೇ ಸ್ವಾರಸ್ಯ. ಮತದಾನದ ಹೊಸ್ತಿಲಲ್ಲಿ ಅವರ ಪಕ್ಷದ ಸಚಿವ ಪಾಡ್ರಿಗ್ ಫ್ಲಿನ್ ರೇಡಿಯೊದಲ್ಲಿ ರಾಬಿನ್ಸನ್ ಅವರ ಹೊಸ ಬಟ್ಟೆ, ಹೊಸ ಕೇಶಶೈಲಿಗಳನ್ನು ಆಡಿಕೊಂಡು, ಕುಟುಂಬದ ಬಗ್ಗೆ ಅವರಿಗೆ ಈಗ ಹೊಸದಾಗಿ ಆಸಕ್ತಿ ಹುಟ್ಟಿದೆ ಎಂದು ಚುಚ್ಚಿದರು. ವರ್ಚಸ್ಸಿನ ಹಿಂದಿನ ಬಣ್ಣ ಬಯಲು ಮಾಡುವುದು ಅವರ ಉದ್ದೇಶವಾಗಿತ್ತು. ಬಯಲಾದದ್ದು ಹೆಂಗಸರ ಬಗ್ಗೆ ಅವರಿಗಿದ್ದ ಧೋರಣೆ. ಮೊದಲ ಎಣಿಕೆಯಲ್ಲಿ ಲೆನಿಹನ್‌ಗೆ ಸುಮಾರು ಶೇ 44, ರಾಬಿನ್ಸನ್‌ಗೆ 39. ಮೂರನೆಯ ಅಭ್ಯರ್ಥಿಯ ಮತಗಳು ವರ್ಗಾವಣೆಯಾದಾಗ ರಾಬಿನ್ಸನ್ ಗೆದ್ದು ದೇಶದ ಮೊದಲ ಮಹಿಳಾ ರಾಷ್ಟ್ರಪತಿಯಾದರು. ಎರಡನೆಯ ಪ್ರಾಶಸ್ತ್ಯದ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಆ ದೇಶದಲ್ಲಿ ಇನ್ನೊಂದಿಲ್ಲ.

ಸುಳ್ಳು ಟ್ವೀಟಿನ ರಾತ್ರಿ

ಹಾಗಿದ್ದರೆ ಚರ್ಚೆ ಯಾವತ್ತೂ ಫಲಿತಾಂಶ ಬದಲಿಸಿಲ್ಲವೇ? ಒಮ್ಮೆ ಬದಲಿಸಿದೆ ಎನ್ನಲು ಬಲವಾದ ಕಾರಣಗಳಿವೆ. 2011ರ ರಾಷ್ಟ್ರಪತಿ ಚುನಾವಣೆಯಲ್ಲಿ ಉದ್ಯಮಿ ಶಾನ್ ಗ್ಯಾಲಹರ್ ಸಮೀಕ್ಷೆಗಳಲ್ಲಿ ಶೇ 40ರ ಆಸುಪಾಸಿನಲ್ಲಿದ್ದರು. ಮತದಾನಕ್ಕೆ ಮೂರು ದಿನ ಮೊದಲು, ಅಕ್ಟೋಬರ್ 24ರಂದು, ಆರ್‌ಟಿಇಯ ‘ಫ್ರಂಟ್‌ಲೈನ್’ ಕಾರ್ಯಕ್ರಮದಲ್ಲಿ ಎಲ್ಲ ಅಭ್ಯರ್ಥಿಗಳ ಚರ್ಚೆ. ಗ್ಯಾಲಹರ್ ಫಿಯಾನ ಫಾಲ್ ನಿಧಿಸಂಗ್ರಹಕ್ಕಾಗಿ ಒಬ್ಬರಿಂದ 5,000 ಯೂರೊ ಚೆಕ್ ಪಡೆದಿದ್ದರು ಎಂದು ಶಿನ್ ಫೇನ್‌ನ ಮಾರ್ಟಿನ್ ಮೆಕ್‌ಗಿನೆಸ್ ಆರೋಪಿಸಿದರು. ದಿವಾಳಿಯಾದ ದೇಶದಲ್ಲಿ ಆ ಪಕ್ಷದ ನಂಟೇ ಆಗ ವಿಷವಾಗಿತ್ತು. ಗ್ಯಾಲಹರ್ ಅಲ್ಲಗಳೆದರು.

ಬಿಡುವಿನ ನಂತರ ನಿರೂಪಕ ಪ್ಯಾಟ್ ಕೆನ್ನಿ ಒಂದು ಟ್ವೀಟ್ ಓದಿದರು. ಚೆಕ್ ಕೊಟ್ಟ ವ್ಯಕ್ತಿಯನ್ನು ನಾಳೆ ಪತ್ರಿಕಾಗೋಷ್ಠಿಗೆ ಕರೆತರಲಾಗುತ್ತದೆ ಎಂಬುದು ಅದರ ಸಾರ. ಮೆಕ್‌ಗಿನೆಸ್ ಪ್ರಚಾರ ತಂಡದ್ದೆಂದು ಓದಿದ ಆ ಟ್ವೀಟ್ ಬಂದಿದ್ದದ್ದು ಅವರದ್ದಲ್ಲದ ಖಾತೆಯಿಂದ. ನೇರಪ್ರಸಾರದಲ್ಲಿ ತಬ್ಬಿಬ್ಬಾದ ಗ್ಯಾಲಹರ್ ಸ್ವರ ಬದಲಿಸಿ, ಲಕೋಟೆ ತೆಗೆದುಕೊಂಡಿದ್ದರೂ ಇರಬಹುದು ಎಂಬರ್ಥದ ಮಾತಾಡಿದರು. ‘ಲಕೋಟೆ’ ಎಂದರೆ ಲಂಚ ಎಂದೇ ಕೇಳಿಸುತ್ತಿದ್ದ ಕಾಲ. ಕೊನೆಗೆ ಗೆದ್ದದ್ದು ಶೇ 39.6 ಮತ ಪಡೆದ ಮೈಕಲ್ ಡಿ. ಹಿಗಿನ್ಸ್. ಗ್ಯಾಲಹರ್‌ಗೆ ಸಿಕ್ಕಿದ್ದು 28.5. ಮರುವರ್ಷ ಪ್ರಸಾರ ಪ್ರಾಧಿಕಾರ ಅವರ ದೂರನ್ನು ಎತ್ತಿಹಿಡಿಯಿತು. 2017ರ ಡಿಸೆಂಬರ್‌ನಲ್ಲಿ ಆರ್‌ಟಿಇ ಕ್ಷಮೆ ಕೇಳಿ 1,30,000 ಯೂರೊ ಪರಿಹಾರ ಕೊಟ್ಟಿತು. 2018ರಲ್ಲಿ ಅವರು ಮತ್ತೆ ನಿಂತಾಗ ಬಂದ ಮತ ಶೇ 6.4 ಮಾತ್ರ.

ಸಂಸತ್ ಚುನಾವಣೆಯಲ್ಲಿ ಕೆಲಸ ಮಾಡದ ಚರ್ಚೆ ಇಲ್ಲಿ ಮಾಡಿತು, ಏಕೆ? ರಾಷ್ಟ್ರಪತಿ ಚುನಾವಣೆಯಲ್ಲಿ ಬಾಗಿಲು ಬಡಿಯುವ ಸ್ಥಳೀಯ ಅಭ್ಯರ್ಥಿ ಇಲ್ಲ, ಹೊಗಳಲು ತೆಗಳಲು ಸರ್ಕಾರದ ಸಾಧನೆ ಇಲ್ಲ. ಇರುವುದು ಒಂದು ಮುಖ, ಒಂದು ನಡತೆ. ಅದರಲ್ಲಿ ಬಿರುಕು ಕಂಡರೆ ತಡೆದು ಹಿಡಿಯಲು ಹಿಂದೆ ಏನೂ ಇರುವುದಿಲ್ಲ. ಗ್ಯಾವಿನ್ ಕಥೆಯೂ ಇದೇ. ಡಬ್ಲಿನ್ ಗೇಲಿಕ್ ಫುಟ್‌ಬಾಲ್ ತಂಡಕ್ಕೆ ಸತತ ಐದು ಸೇರಿ ಆರು ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದುಕೊಟ್ಟ ತರಬೇತುದಾರರೆಂಬ ವರ್ಚಸ್ಸನ್ನೇ ನಂಬಿ ಮಾರ್ಟಿನ್ ಅವರನ್ನು ತಂದು ನಿಲ್ಲಿಸಿದ್ದರು. ರಾಜಕೀಯದ ಅನುಭವ ಇರಲಿಲ್ಲ. ಮನೆ ಬಾಡಿಗೆಗೆ ಕೊಟ್ಟಿದ್ದಾಗ, 2009ರಲ್ಲಿ, ಬಾಡಿಗೆದಾರ ಹೆಚ್ಚುವರಿಯಾಗಿ ಕಟ್ಟಿದ್ದ 3,300 ಯೂರೊ ಹಿಂದಿರುಗಿಸಿಲ್ಲ ಎಂಬ ವರದಿ ಪತ್ರಿಕೆಯಲ್ಲಿ ಬಂತು. ಅದನ್ನು ಬಯಲಿಗೆ ತಂದದ್ದು ಚರ್ಚೆಯಲ್ಲ, ವರದಿಗಾರರು. ಆದರೆ ಆ ಸುದ್ದಿಯ ನಡುವೆ ಸ್ಟುಡಿಯೊದಲ್ಲಿ ಕೂರಬೇಕಾಗಿ ಬಂದಾಗ ತಪ್ಪಿಸಿಕೊಳ್ಳಲು ಜಾಗ ಉಳಿಯಲಿಲ್ಲ. ಬಾಡಿಗೆ ಮನೆಯೇ ಸಿಗದೆ ಪರದಾಡುವ ದೇಶದಲ್ಲಿ ಮನೆ ಮಾಲೀಕನ ಮೇಲಿನ ಆರೋಪ ಎಷ್ಟು ಸುಡುತ್ತದೆಂದು ಬೇರೆ ಹೇಳಬೇಕಿಲ್ಲ.

ಹ್ಯಾರಿಸ್: ಸ್ಟುಡಿಯೊದಿಂದ ಕ್ಯಾಂಟರ್ಕ್‌ಗೆ

ವರ್ಚಸ್ಸು ಹೇಗೆ ಕಟ್ಟಲ್ಪಡುತ್ತದೆ, ಹೇಗೆ ಸಡಿಲವಾಗುತ್ತದೆ ಎಂಬುದಕ್ಕೆ ಸೈಮನ್ ಹ್ಯಾರಿಸ್ ಒಳ್ಳೆಯ ಮಾದರಿ. ಕನ್ನಡಿಗರಿಗೆ ಅವರ ಕಥೆಯ ಆರಂಭ ಅಷ್ಟು ದೂರದ್ದಲ್ಲ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಗಾಲ್ವೇ ನಗರದ ಆಸ್ಪತ್ರೆಯಲ್ಲಿ, ಗರ್ಭಪಾತಕ್ಕೆ ಕೇಳಿಕೊಂಡರೂ ನಿರಾಕರಣೆಯಾಗಿ, ಸೋಂಕು ಏರಿ ತೀರಿಕೊಂಡ ಮೇಲೆ ಐರ್ಲೆಂಡಿನ ಗರ್ಭಪಾತ ನಿಷೇಧದ ವಿರುದ್ಧದ ಚಳವಳಿ ತೀವ್ರವಾಯಿತು. 2018ರ ಮೇ 25ರ ಜನಮತಗಣನೆ ಹೊತ್ತಿಗೆ ಡಬ್ಲಿನ್ ಗೋಡೆಯ ಮೇಲೆ ಸವಿತಾ ಚಿತ್ರ ಮೂಡಿತ್ತು. ಯಾವ ಪ್ರಚಾರ ತಂತ್ರಜ್ಞನೂ ಕಟ್ಟದ ಮುಖ ಅದು. ಮತದಾನಕ್ಕೆ ಮೂರು ದಿನ ಮೊದಲು ಆರ್‌ಟಿಇ ಚರ್ಚೆಯಲ್ಲಿ ಬದಲಾವಣೆಯ ಪರ ವಾದಿಸಿದವರು ಆಗಿನ ಆರೋಗ್ಯ ಸಚಿವ ಹ್ಯಾರಿಸ್. ವಿವರಗಳ ಮೇಲೆ ಹಿಡಿತ, ಶಾಂತ ಧ್ವನಿ. ಮುಂದೆ ಬರುವ ನಾಯಕ ಎಂಬ ಹೆಸರು ಅವರಿಗೆ ಬಂದದ್ದರಲ್ಲಿ ಆ ರಾತ್ರಿಯ ಪಾಲು ದೊಡ್ಡದು. ಶೇ 66.4 ಜನ ಬದಲಾವಣೆಗೆ ಮತ ಹಾಕಿದರು.

2024ರ ಏಪ್ರಿಲ್‌ನಲ್ಲಿ 37ನೆಯ ವಯಸ್ಸಿಗೇ ಪ್ರಧಾನಿಯಾದಾಗ ಪತ್ರಿಕೆಗಳು ಅವರನ್ನು ‘ಟಿಕ್‌ಟಾಕ್ ಟೀಶಕ್’ ಎಂದವು. ಕ್ಯಾಮೆರಾ ಕಡೆ ನೋಡಿ ನಗುತ್ತ ಮಾತಾಡುವ, ಎಲ್ಲರ ಮಾತು ಕೇಳಿಸಿಕೊಳ್ಳುವ, ‘ಹೊಸ ಹುರುಪು’ ತರುವ ಯುವಕ. ನವೆಂಬರ್‌ನಲ್ಲಿ ಚುನಾವಣೆ ಘೋಷಿಸುವಾಗ ಅವರ ಪಕ್ಷ ಸಮೀಕ್ಷೆಗಳಲ್ಲಿ ಮುಂದಿತ್ತು.

ನವೆಂಬರ್ 22ರಂದು ಕಾರ್ಕ್ ಕೌಂಟಿಯ ಕ್ಯಾಂಟರ್ಕ್ ಎಂಬ ಪುಟ್ಟ ಪಟ್ಟಣದ ಸೂಪರ್‌ಮಾರ್ಕೆಟ್ಟಿನಲ್ಲಿ ಅಂಗವಿಕಲರ ಆರೈಕೆ ಕ್ಷೇತ್ರದ ಮಹಿಳೆಯೊಬ್ಬರು ಅವರಿಗೆ ಎದುರಾದರು. ಸರ್ಕಾರ ನಮಗೇನೂ ಮಾಡಿಲ್ಲ ಎಂದರು. ಅದು ನಿಜವಲ್ಲ ಎಂದು ಹ್ಯಾರಿಸ್ ವಾದಿಸಿ, ಮುಂದಕ್ಕೆ ನಡೆದರು. ಆರ್‌ಟಿಇ ಕ್ಯಾಮೆರಾ ಚಾಲೂ ಇತ್ತು. ರಾತ್ರಿ ಕಳೆಯುವುದರೊಳಗೆ ದೇಶದ ಮೊಬೈಲುಗಳಲ್ಲೆಲ್ಲ ಅದೇ ತುಣುಕು. ಹ್ಯಾರಿಸ್ ಆ ಮಹಿಳೆಯ ಕ್ಷಮೆ ಕೇಳಿದರು.

ಇದಕ್ಕಿಂತ ಒರಟಾಗಿ ಮಾತಾಡಿದ ರಾಜಕಾರಣಿಗಳು ಬೇಕಾದಷ್ಟಿದ್ದಾರೆ. ಹಾಗಾದರೆ ಇಷ್ಟು ಪೆಟ್ಟು ಏಕೆ? ಗಟ್ಟಿಗ ಎಂಬ ಹೆಸರಿನ ನಾಯಕ ಸಿಡುಕಿದರೆ ಜನ ಅದನ್ನು ಗುಣ ಎಂದುಕೊಳ್ಳುತ್ತಾರೆ. ಕೇಳಿಸಿಕೊಳ್ಳುವವನು ಎಂಬ ಹೆಸರಿನವನು ಕೇಳಿಸಿಕೊಳ್ಳದೆ ನಡೆದರೆ ನಾಟಕ ಎನ್ನುತ್ತಾರೆ. ಯಾವ ಗುಣವನ್ನು ಎತ್ತಿ ತೋರಿಸಿ ವರ್ಚಸ್ಸು ಕಟ್ಟುತ್ತಾರೋ, ಅದಕ್ಕೆ ವಿರುದ್ಧವಾದ ಒಂದೇ ದೃಶ್ಯ ಸಾಕು.

ಇಲ್ಲಿ ಒಂದು ಎಚ್ಚರ ಬೇಕು. ನವೆಂಬರ್ 25ರ ಸಮೀಕ್ಷೆಯಲ್ಲಿ ಫಿನ ಗೇಲ್ ಆರು ಅಂಶ ಕುಸಿದು ಶೇ 19ಕ್ಕೆ ಬಂದಿತ್ತು. ಎಲ್ಲರೂ ಕ್ಯಾಂಟರ್ಕ್ ಕಡೆ ಬೆರಳು ತೋರಿದರು. ಆದರೆ ಆ ಸಮೀಕ್ಷೆಯ ಸಂದರ್ಶನಗಳು ಶುರುವಾದದ್ದು ಘಟನೆಗೆ ಮುಂಚೆಯೇ. ಇಳಿತ ಆಗಲೇ ಆರಂಭವಾಗಿತ್ತು. ನವೆಂಬರ್ 26ರಂದು ಹ್ಯಾರಿಸ್, ಮಾರ್ಟಿನ್, ಮೆಕ್‌ಡೊನಾಲ್ಡ್ ಮೂವರ ಅಂತಿಮ ಚರ್ಚೆ ಯಾರಿಗೂ ಸ್ಪಷ್ಟ ಗೆಲುವು ಕೊಡಲಿಲ್ಲ. 29ರ ಮತದಾನದ ಫಲಿತಾಂಶವನ್ನು 2020ರ ಜೊತೆ ಇಟ್ಟು ನೋಡಿದರೆ ಅಚ್ಚರಿಯಾಗುತ್ತದೆ: ಫಿನ ಗೇಲ್ ಶೇ 20.9 ಇದ್ದದ್ದು 20.8 ಆಯಿತು. ಫಿಯಾನ ಫಾಲ್ 22.2ರಿಂದ 21.9. ಅಷ್ಟೆಲ್ಲ ವಿಡಿಯೊ, ಕ್ಷಮೆ, ಚರ್ಚೆಗಳ ನಂತರ ಎರಡೂ ಪಕ್ಷಗಳು ನಿಂತಲ್ಲೇ ನಿಂತಿದ್ದವು. ನಿಜವಾಗಿ ಕಳೆದುಕೊಂಡದ್ದು 24.5ರಿಂದ 19ಕ್ಕೆ ಇಳಿದ ಶಿನ್ ಫೇನ್. ಕ್ಯಾಂಟರ್ಕ್ ಕಸಿದದ್ದು ಬಹುಶಃ ಹ್ಯಾರಿಸ್ ಜನಪ್ರಿಯತೆಯ ಹೊಸ ನೊರೆಯನ್ನು. ಕೆಳಗಿದ್ದ ಹಳೆಯ ಮತ ಅಲುಗಾಡಲಿಲ್ಲ.

ಆದರೆ ನೊರೆಗೂ ಬೆಲೆಯಿದೆ. ಫಿಯಾನ ಫಾಲ್‌ಗೆ 48, ಶಿನ್ ಫೇನ್‌ಗೆ 39, ಫಿನ ಗೇಲ್‌ಗೆ 38. ಬಹುಮತಕ್ಕೆ 88 ಬೇಕು. ಶಿನ್ ಫೇನ್ ಜೊತೆ ಸೇರುವುದಿಲ್ಲ ಎಂದು ಉಳಿದಿಬ್ಬರೂ ಮೊದಲೇ ಹೇಳಿದ್ದರು. ಮೂವರ ಚರ್ಚೆ ಕೊನೆಗೆ ಇಬ್ಬರು ಒಂದು ಬದಿ, ಒಬ್ಬರು ಇನ್ನೊಂದು ಬದಿ ಎಂಬಂತೆ ಸಾಗಿದ್ದಕ್ಕೂ ಅದೇ ಕಾರಣ. ಎರಡು ಪಕ್ಷಗಳು ಪಕ್ಷೇತರರ ಬೆಂಬಲದಿಂದ ಸರ್ಕಾರ ರಚಿಸಿದಾಗ, 2025ರ ಜನವರಿ 23ರಂದು ಪ್ರಧಾನಿ ಹುದ್ದೆಯ ಮೊದಲ ಸರದಿ ಸಿಕ್ಕಿದ್ದು ಹತ್ತು ಸ್ಥಾನ ಮುಂದಿದ್ದ ಮಾರ್ಟಿನ್‌ಗೆ. ಹ್ಯಾರಿಸ್ ಉಪಪ್ರಧಾನಿಯಾದರು.

ಎರಡು ವಾದ

ಚರ್ಚೆಗಳು ಬೇಕು ಎನ್ನುವವರ ಮಾತಿನಲ್ಲಿ ತಿರುಳಿದೆ. ತಮಗೆ ಬೇಕಾದ ಸುದ್ದಿಯನ್ನಷ್ಟೇ ಮೊಬೈಲಿನಲ್ಲಿ ನೋಡುವ ಕಾಲದಲ್ಲಿ, ವಿರೋಧಿಯ ಮಾತನ್ನೂ ಪೂರ್ತಿ ಕೇಳಬೇಕಾದ ಜಾಗ ಅದೊಂದೇ. ಪಕ್ಷದ ಕಚೇರಿ ಬರೆದುಕೊಟ್ಟ ಸಾಲುಗಳಾಚೆ ನಾಯಕನಿಗೆ ಏನು ಗೊತ್ತು ಎಂಬುದು ಅಲ್ಲಿ ಸ್ವಲ್ಪವಾದರೂ ತಿಳಿಯುತ್ತದೆ.

ವಿರೋಧಿಗಳು ಹೇಳುವುದು, ಸಂಸದೀಯ ಪದ್ಧತಿಯಲ್ಲಿ ಇದು ಸಲ್ಲದ ವ್ಯಕ್ತಿಪೂಜೆ. ಸ್ಥಳೀಯ ಸದಸ್ಯನನ್ನು ಆರಿಸುವ ಮತದಾರನ ಗಮನವನ್ನು ಮೂರು ಮುಖಗಳ ಮೇಲೆ ನಿಲ್ಲಿಸಿದರೆ ಸಣ್ಣ ಪಕ್ಷಗಳು, ಪಕ್ಷೇತರರು ಮರೆಯಾಗುತ್ತಾರೆ. ಜೊತೆಗೆ ತರಬೇತಿ ಪಡೆದು ಬರುವ ನಾಯಕರ ಗುರಿ ಗೆಲ್ಲುವುದಲ್ಲ, ಎಡವದಿರುವುದು. ಹಾಗಾಗಿ ಚರ್ಚೆಯೇ ಸಪ್ಪೆ. ಎರಡನೆಯ ಆಕ್ಷೇಪ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ವೇದಿಕೆ ಸಪ್ಪೆಯಾದಷ್ಟೂ ಜನ ನಿಜಮುಖವನ್ನು ಬೇರೆಡೆ ಹುಡುಕುತ್ತಾರೆ, ಸೂಪರ್‌ಮಾರ್ಕೆಟ್ಟಿನ ತುಣುಕಿಗೆ ಅಷ್ಟು ಬೆಲೆ ಬಂದದ್ದೇ ಹಾಗೆ.

ಮುಂದೇನು?

ಎರಡು ಬದಲಾವಣೆಗಳು ಆಗಲೇ ಆಗಿವೆ. ಮತದಾನದ ಹಿಂದಿನ ದಿನ ಮಧ್ಯಾಹ್ನ 2ರಿಂದ ಟಿವಿ, ರೇಡಿಯೊ ಚುನಾವಣೆಯ ಬಗ್ಗೆ ಮೌನವಾಗಿರಬೇಕೆಂಬ ಹಳೆಯ ನಿಯಮವನ್ನು ಮಾಧ್ಯಮ ಆಯೋಗ 2024ರ ಚುನಾವಣೆಗೆ ಮುನ್ನ ಕೈಬಿಟ್ಟಿತು. ಜಾಲತಾಣಗಳಲ್ಲಿ ಸುಳ್ಳು ಹರಿಯುತ್ತಿರುವಾಗ ಸರಿಯಾದ ಸುದ್ದಿ ಕೊಡುವವರ ಬಾಯಿ ಮಾತ್ರ ಕಟ್ಟುವುದರಲ್ಲಿ ಅರ್ಥವಿರಲಿಲ್ಲ.

ಇನ್ನೊಂದು ಹೆಚ್ಚು ದೊಡ್ಡದು. ರಾಜಕೀಯ ಜಾಹೀರಾತಿನ ಕುರಿತ ಐರೋಪ್ಯ ಒಕ್ಕೂಟದ ಹೊಸ ನಿಯಮ 2025ರ ಅಕ್ಟೋಬರ್ 10ರಿಂದ ಜಾರಿಯಾದಾಗ ಮೆಟಾ, ಗೂಗಲ್ ಕಂಪನಿಗಳು ಅಲ್ಲಿ ರಾಜಕೀಯ ಜಾಹೀರಾತು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಟಿವಿಯಂತೆ ಮೊಬೈಲಿನಲ್ಲೂ ಹಣ ಕೊಟ್ಟು ಮುಖ ತೋರಿಸುವ ದಾರಿ ಬಹುಪಾಲು ಮುಚ್ಚಿತು. ಉಳಿದದ್ದು ಜನ ತಾವಾಗಿ ಹಂಚಿಕೊಳ್ಳುವ ವಿಡಿಯೊ. ಅರವತ್ತು ದಾಟಿದ ಕಾನಲಿ ಶಾಲಾಮಕ್ಕಳ ನಡುವೆ ಕಾಲಿನಿಂದ ಚೆಂಡು ಪುಟಿಸುತ್ತ ನಿಂತ ವಿಡಿಯೊ ಭಾರಿ ಓಡಿತು. ಐರಿಶ್ ಭಾಷೆಯಲ್ಲಿ ಅವರಿಗಿದ್ದ ಹಿಡಿತವೂ ವರ್ಚಸ್ಸಿನ ಭಾಗವಾಯಿತು. ಎದುರಾಳಿ ಹೆದರ್ ಹಂಫ್ರೀಸ್ ಭಾಷೆ ಕಲಿಯುತ್ತೇನೆಂದು ಮಾತು ಕೊಡಬೇಕಾಯಿತು. ಅದೇ ಹೊತ್ತಿನಲ್ಲಿ, ಮತದಾನಕ್ಕೆ ಕೆಲವೇ ದಿನ ಇರುವಾಗ, ಕಾನಲಿ ಕಣದಿಂದ ಹಿಂದೆ ಸರಿದಿದ್ದಾರೆ ಎಂದು ಸಾರುವ ನಕಲಿ ಆರ್‌ಟಿಇ ವಾರ್ತೆ ಹರಿದಾಡಿತು. ಕೃತಕ ಬುದ್ಧಿಮತ್ತೆಯಿಂದ ತಯಾರಾದ ವಾರ್ತಾವಾಚಕಿ, ಕೃತಕ ಕಾನಲಿ. ಗ್ಯಾವಿನ್ ನಿಜವಾಗಿಯೂ ಹಿಂದೆ ಸರಿದಿದ್ದರಿಂದ ಆ ಸುಳ್ಳು ನಂಬುವಂತಿತ್ತು. 2011ರಲ್ಲಿ ಸುಳ್ಳನ್ನು ಓದಲು ನಿಜವಾದ ನಿರೂಪಕ ಬೇಕಾಗಿದ್ದರು. ಈ ಸಲ ಅವರ ಅಗತ್ಯವೂ ಬೀಳಲಿಲ್ಲ.

ಮೈತ್ರಿ ಒಪ್ಪಂದದ ಪ್ರಕಾರ 2027ರ ನವೆಂಬರ್‌ನಲ್ಲಿ ಹ್ಯಾರಿಸ್ ಮತ್ತೆ ಪ್ರಧಾನಿಯಾಗಬೇಕು. ಸರ್ಕಾರ ಪೂರ್ತಿ ಅವಧಿ ಉಳಿದರೆ ಮುಂದಿನ ಸಂಸತ್ ಚುನಾವಣೆ ಬರುವುದು 2029ರ ಕೊನೆಗೆ ಅಥವಾ 2030ರ ಆರಂಭಕ್ಕೆ. ಅಷ್ಟರಲ್ಲಿ ಆರ್‌ಟಿಇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಮೂರು ದೊಡ್ಡ ಪಕ್ಷಗಳ ನಡುವಿನ ಅಂತರ ಕಳೆದ ಸಲ ಮೂರು ಅಂಶಕ್ಕೂ ಕಡಿಮೆ. ಮೂವರನ್ನೂ ಕೂಡಿಸಿದರೆ ಸಿಗುವುದು ಶೇ 62 ಮತ. ಉಳಿದ ಶೇ 38 ಜನರ ಪರವಾಗಿ ಅಂತಿಮ ಚರ್ಚೆಯಲ್ಲಿ ಯಾರನ್ನು ನಿಲ್ಲಿಸುತ್ತಾರೆ?